ಅಣ್ಣನಿಗೆ ಬಂದದ್ದು ತಮ್ಮನಿಗೂ ಬರುವುದೇ?

ವೃಷಣದ ಕ್ಯಾನ್ಸರ್ ಬಗ್ಗೆ ನಾವು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಆದರೆ ಇದು ಹೆಚ್ಚಾಗಿ ಬರುವುದು ಪ್ರಾಯದ ಹುಡುಗರಿಗೇ. ಇದರ ಮೊದಲು ತಾಯಿಯ ಗರ್ಭದಲ್ಲಿ: ಮುಂದೆ ವೀರ್ಯಾಣುವಾಗಬೇಕಾದ ಜೀವಕೋಶ ಬಲಿಯದೆ ಉಳಿದು, ಪ್ರಾಯ ಬಂದ ಮೇಲೆ ಗಡ್ಡೆಯಾಗುತ್ತದೆ. 12ನೇ ಕ್ರೋಮೋಸೋಮಿನ ಒಂದು ಜೀನಿನ ಬಳಿಯ ವ್ಯತ್ಯಾಸ ಇದಕ್ಕೆ ದಾರಿಮಾಡುತ್ತದೆಂದು 2009ರಲ್ಲಿ ತಿಳಿಯಿತು. ಆಮೇಲೆ ಇಂಥವು ಹತ್ತಾರು ಸಿಕ್ಕಿವೆ, ಒಂದೊಂದರ ಪಾಲೂ ಸಣ್ಣದು. ತಾಯಿಯ ಕಡೆಯೋ ತಂದೆಯ ಕಡೆಯೋ ಎಂದು ಜಗಳವಾಡಿ (ಆಡುತ್ತೇವಲ್ಲ!) ಫಲವಿಲ್ಲ. ರೋಗಿಯ ಸಹೋದರನಿಗೆ ಅಪಾಯ ಇತರರಿಗಿಂತ ಸುಮಾರು 8ರಿಂದ 10 ಪಟ್ಟು, ಮಗನಿಗೆ 4ರಿಂದ 6 ಪಟ್ಟು. ಹಾಗಿದ್ದರೂ ಹೆಚ್ಚಿನ ತಮ್ಮಂದಿರಿಗೆ ಇದು ಬರುವುದೇ ಇಲ್ಲ. ನೋವಿಲ್ಲದ ಗಂಟು ಕೈಗೆ ತಾಗಿದರೆ ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸೋಣ. ಬೇಗ ಗೊತ್ತಾದರೆ 100ರಲ್ಲಿ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ.