ಮುಂಗಡದ ಕಟ್ಟು

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಸಕ್ಕರೆ ಕಾರಖಾನೆಗಳ ಹಂಗಾಮು ಬಂದಿತೆಂದರೆ, ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಕಬ್ಬು ಕಡಿಯುವವರ ತಂಡಗಳು ಕೂಸುಕುನ್ನಿಗಳೊಡನೆ ಇತ್ತ ಬರುವವು. ಮುಕಾದಮನಿಂದ ಮೊದಲೇ ಮುಂಗಡ ಪಡೆದು ಬಂದ ಜನರಿವರು. ಗಂಡಹೆಂಡಿರಿಬ್ಬರೂ ಕೂಡಿ ಲೆಕ್ಕದಲ್ಲಿ ಒಂದೇ ‘ಕೊಯ್ತಾ’. ಹೆಣ್ಣಿನ ದುಡಿಮೆಗೆ ಬೇರೆ ಎಣಿಕೆಯೇ ಇಲ್ಲ! ಕಡಿದ ಕಬ್ಬು ತಡವಾದಷ್ಟೂ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುವದರಿಂದ, ಗಾಡಿಯು ನಡುರಾತ್ರಿಗೆ ಬಂದರೂ ಎದ್ದು ಹೊರೆಯೇರಿಸಬೇಕು. ಹಂಗಾಮು ಮುಗಿದರೂ ಮುಂಗಡ ತೀರದಿದ್ದರೆ ಬಾಕಿಯು ಮುಂದಿನ ವರ್ಷಕ್ಕೆ ಹೋಗುವದು. ಬಾಕಿಯ ಬೆನ್ನಿಗೆ ಮನುಷ್ಯನೂ ಹೋಗುವನು.

ಇದಕ್ಕೆ ಕರಾರೆಂದು ಹೆಸರು. ನಮ್ಮ ಹಿರಿಯರು ಜೀತವೆನ್ನುತ್ತಿದ್ದರು. ಮುಂಗಡದ ಕಾರಣದಿಂದ ಕನಿಷ್ಠ ಕೂಲಿಯನ್ನಾಗಲಿ, ಬೇರೆಡೆ ದುಡಿಯುವ ಸ್ವಾತಂತ್ರ್ಯವನ್ನಾಗಲಿ ಕಳೆದುಕೊಂಡವನನ್ನು 1976ರ ಕಾಯದೆಯೂ ಜೀತಗಾರನೆಂದೇ ಎಣಿಸಿ, ಆ ಸಾಲವನ್ನು ಅಳಿಸಿಹಾಕಿದೆ. ಜಿಲ್ಲೆಜಿಲ್ಲೆಗೂ ಜಾಗೃತಿ ಸಮಿತಿಯನ್ನು ವಿಧಿಸಿದೆ. ಈ ಕೂಲಿಕಾರರು ಪರಭಾಷೆಯವರೆಂದು ನಾವು ಕಣ್ಣು ಮುಚ್ಚಬಹುದೆ? ಅವರ ಬೆವರು ಸುರಿಯುವದು ಕನ್ನಡ ನೆಲದ ಮೇಲೆಯೇ.

ಶಾಲಾ ಮಾಸ್ತರರು ಈ ಹಂಗಾಮಿನಲ್ಲಿ ಕಬ್ಬಿನ ಹೊಲದ ಗುಡಿಸಲುಗಳಿಗೆ ಹೋಗಿ ಮಕ್ಕಳ ಹೆಸರನ್ನು ಬರೆದುಕೊಳ್ಳಲಿ. ಪಟ್ಟಣದ ಸುಶಿಕ್ಷಿತರು ಮುಂಗಡದ ಲೆಕ್ಕವನ್ನು ಕೇಳಿ ತಿಳಿದು, ಸಮಿತಿಯ ಮುಂದಿಡಲಿ.