ಅಂಗಳದಲ್ಲೊಂದು ಚಳಿಗಾಲದ ಹೂಮಡಿ ಇರಲಿ



ಕಳೆದ ವರ್ಷ ತಿರುಮಕೂಡಲು ನರಸೀಪುರದ ಕಡೆಯ ಒಂದು ಹಳ್ಳಿಯ ವಾಚನಾಲಯದಲ್ಲಿ ಭತ್ತದ ಗೊಬ್ಬರದ ವಿಚಾರ ಮುಗಿದ ಮೇಲೆ, ಮನೆಯ ಮುಂದೆ ಹೂ ಬೆಳೆಸುವ ಮಾತೆತ್ತಿದೆ. ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಏನ್ ಸಾಮಿ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಾ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಉತ್ತರ ಬಾಕಿ ಉಳಿದಿತ್ತು. ಈಗ ಕೊಡುತ್ತೇನೆ.

ನಾನು ಹೇಳುತ್ತಿರುವ ಹೂವಿನ ಹೆಸರು ಲೈನೇರಿಯಾ. ಇದರ ತವರು ಆಫ್ರಿಕದ ಮೊರಾಕೊ ದೇಶ. ಎಲೆ ಉತ್ತರ ಕರ್ನಾಟಕದ ಎಣ್ಣೆ ಅಗಸೆಯ ಎಲೆಯಂತೆ ಸಪೂರ. ಹೆಸರು ಬಂದದ್ದೂ ಅದರಿಂದಲೇ. ನಾವು ಸೊಪ್ಪು ಕೀಳುವ ಅಗಸೆ ಮರಕ್ಕೂ ಇದಕ್ಕೂ ಸಂಬಂಧವಿಲ್ಲ. ಗಿಡ ಒಂದರಿಂದ ಒಂದೂವರೆ ಅಡಿ ಬೆಳೆದು ನೇರಳೆ, ಗುಲಾಬಿ, ಹಳದಿ, ಬಿಳಿ ಬಣ್ಣಗಳ ಪುಟ್ಟ ಹೂಗಳನ್ನು ತೆನೆಯಂತೆ ಬಿಡುತ್ತದೆ. ಬೇಸಿಗೆಯ ಬಿಸಿಲು ತಾಗಿದರೆ ಒಣಗಿಹೋಗುತ್ತದೆ. ಒಂದೇ ಹಂಗಾಮಿನ, ಚಳಿಗೆ ಒಗ್ಗಿದ ಗಿಡ.

ಮೊದಲೇ ಹೇಳಿಬಿಡುತ್ತೇನೆ, ಇದರಿಂದ ದುಡ್ಡು ಬರುವುದಿಲ್ಲ. ಹಾರಕ್ಕೆ ಪೋಣಿಸುವ ಹೂವಲ್ಲ, ಮಾರುಕಟ್ಟೆಯಲ್ಲಿ ತೂಗಿ ಮಾರುವ ಹೂವೂ ಅಲ್ಲ. ಮಾರಾಟಕ್ಕೆ ಬೇಕೆನ್ನುವವರು ಚೈನಾ ಆಸ್ಟರ್ ಬೆಳೆಯಲಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳಿವೆ. ಲೈನೇರಿಯಾ ಇರುವುದು ಅಂಗಳಕ್ಕೆ, ಶಾಲೆಯ ಮುಂದಕ್ಕೆ, ಈ ವಾಚನಾಲಯದ ಬಾಗಿಲಿಗೆ.

ಹಾಗಾದರೆ ಪ್ರಯೋಜನವೇನು? ದಸರೆಯಲ್ಲಿ ಮೈಸೂರಿನ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಂದ ಮಕ್ಕಳು, ಅಂಥ ಹೂ ಪಟ್ಟಣದವರ ಸೊತ್ತು ಎಂದುಕೊಳ್ಳುತ್ತಾರೆ. ಮಣ್ಣು ನಮ್ಮದು, ಗೊಬ್ಬರ ನಮ್ಮದು, ದುಡಿಯುವ ಕೈ ನಮ್ಮದು. ಅಂದ ಮಾತ್ರ ಪಟ್ಟಣದ್ದೇ? ಹಿಂದೆ ಪ್ರತಿ ಹಿತ್ತಲಲ್ಲೂ ಕನಕಾಂಬರ, ಸೇವಂತಿಗೆ ಇರುತ್ತಿದ್ದವು. ಈಗ ಅಂಗಳಕ್ಕೆ ಸಿಮೆಂಟು ಬಂತು, ಹಬ್ಬದ ಮೊಳ ಹೂವಿಗೂ ಸಂತೆಗೆ ಹೋಗುವಂತಾಯಿತು. ಇದರಲ್ಲಿ ನಮ್ಮ ತಪ್ಪೂ ಇದೆ. ವಿಸ್ತರಣಾ ಕೆಲಸದವರಾದ ನಾವು ಇಳುವರಿ, ಗೊಬ್ಬರ, ಔಷಧಿ ಎಂದು ಹೊಲದ ಬದುವಿನಲ್ಲಿ ಗಂಡಸರೊಡನೆ ಮಾತಾಡಿ ಹಿಂತಿರುಗಿದೆವು. ಅಂಗಳದಲ್ಲಿ ನಿಂತು ಮನೆಯ ಹೆಣ್ಣುಮಕ್ಕಳ ಮಾತು ಕೇಳಿದ್ದು ಕಡಿಮೆ.

ಇನ್ನೊಂದು ಪ್ರಯೋಜನವೆಂದರೆ ಪಾಠ. ಬಿತ್ತನೆಯ ಕಾಲ ತಪ್ಪಿದರೆ ಏನಾಗುತ್ತದೆಂದು ಈ ಗಿಡ ಹತ್ತು ವಾರದಲ್ಲೇ ತೋರಿಸುತ್ತದೆ. ಬಿ.ಎಸ್ಸಿ. ಓದಿದ ನಾನೇ ಎರಡು ಸಲ ಸೋತೆ. ಮೊದಲ ವರ್ಷ ಆಗಸ್ಟಿನಲ್ಲಿ ಚೆಲ್ಲಿದೆ; ಮಳೆಗೆ ಬೀಜ ಕೊಚ್ಚಿಹೋಯಿತು, ಉಳಿದ ಸಸಿಗಳು ಬುಡ ಕೊಳೆತು ಸತ್ತವು. ಮರುವರ್ಷ ರಾಗಿಯಂತೆ ಆಳಕ್ಕೆ ಮುಚ್ಚಿದೆ, ಒಂದೂ ಮೇಲೇಳಲಿಲ್ಲ. ಮೂರನೆಯ ವರ್ಷ ಸ್ವಾತಿ ಮಳೆ ಮುಗಿಯುವವರೆಗೆ ಕಾದು, ನವೆಂಬರಿನ ಮೊದಲ ವಾರದ ಕೊನೆಯಲ್ಲಿ ಬಿತ್ತಿದೆ. ಸಂಕ್ರಾಂತಿಯ ಹೊತ್ತಿಗೆ ಮಡಿ ತುಂಬ ಹೂವಿತ್ತು.

ಕ್ರಮ ಸುಲಭ. ಹತ್ತು ಅಡಿ ಉದ್ದ, ಮೂರು ಅಡಿ ಅಗಲದ, ಬಿಸಿಲು ಚೆನ್ನಾಗಿ ಬೀಳುವ ಜಾಗ ಸಾಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಮಂಕರಿ ಬೆರೆಸಿ. ಕಪ್ಪು ಮಣ್ಣಾದರೆ ಮರಳು ಸೇರಿಸಿ ಮಡಿ ಎತ್ತರಿಸಿ, ನೀರು ನಿಲ್ಲಬಾರದು. ಬೀಜ ಧೂಳಿನಷ್ಟು ಸಣ್ಣದು. ಒಂದು ಚಿಟಿಕೆಗೆ ಒಂದು ಹಿಡಿ ಒಣ ಮರಳು ಬೆರೆಸಿ ಮೇಲೆಯೇ ಚೆಲ್ಲಿ, ಅಂಗೈಯಿಂದ ಮೆಲ್ಲನೆ ಒತ್ತಿ, ಪೂವಾಲಿಯಿಂದ ನೀರು ಚಿಮುಕಿಸಿ. ಎರಡು ವಾರದೊಳಗೆ ಮೊಳೆಯುತ್ತದೆ. ಕಿತ್ತು ನೆಟ್ಟರೆ ಸೊರಗುವ ಗಿಡವಾದ್ದರಿಂದ, ದಟ್ಟವಾದ ಸಸಿಗಳನ್ನು ತೆಗೆದು ನಾಲ್ಕರಿಂದ ಆರು ಅಂಗುಲಕ್ಕೊಂದು ಉಳಿಸಿ. ಯೂರಿಯಾ ಬೇಡ, ಎಲೆ ಸೊಕ್ಕಿ ಗಿಡ ಬಾಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರೇ ಸಾಕು. ಮೊದಲ ಹೂ ಮುಗಿದೊಡನೆ ಅರ್ಧಕ್ಕೆ ಕತ್ತರಿಸಿದರೆ ಚಳಿ ಇರುವವರೆಗೆ ಮತ್ತೆ ಹೂಬಿಡುತ್ತದೆ. ಗಿಡವನ್ನು ದನಕರುಗಳಿಗೆ ಮೇವಾಗಿ ಹಾಕಬೇಡಿ.

ಒಂದು ಎಚ್ಚರಿಕೆ. ಇದೇ ಕುಲದ ಹಳದಿ ಹೂವಿನ ಬಹುವಾರ್ಷಿಕ ಜಾತಿಯೊಂದು ಯೂರೋಪಿನಿಂದ ಉತ್ತರ ಅಮೆರಿಕಕ್ಕೆ ಹೋಗಿ, ಬೇರಿನಿಂದಲೇ ಹಬ್ಬಿ, ಹುಲ್ಲುಗಾವಲಿಗೆ ಕಳೆಯಾಗಿದೆ. ಪಾರ್ಥೇನಿಯಂ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೊಟ್ಟಣದ ಮೇಲೆ ವಾರ್ಷಿಕ ಹೂ, ಮೊರಾಕೊ ಜಾತಿ ಎಂದಿರುವುದನ್ನೇ ಕೊಳ್ಳಿ.

ಹೊಟ್ಟೆಗೆ ಹಿಟ್ಟು ಮೊದಲು ಎಂದ ಆ ಹಿರಿಯರ ಮಾತು ಸರಿಯೇ. ಮೂವತ್ತು ಚದರ ಅಡಿಯಲ್ಲಿ ಹಿಟ್ಟು ಕಡಿಮೆಯಾಗುವುದಿಲ್ಲ ಎಂಬುದಷ್ಟೇ ನನ್ನ ಉತ್ತರ. ಬರುವ ದಸರೆ ಮುಗಿದ ಮೇಲೆ ಮಡಿ ಹದ ಮಾಡಿ, ಸ್ವಾತಿ ಕಳೆದ ಮೇಲೆ ಬಿತ್ತಿರಿ. ಮೊದಲ ಮಡಿ ವಾಚನಾಲಯದ ಮುಂದೆಯೇ ಆಗಲಿ. ನೀರು ಹಾಕುವ ಕೆಲಸ ಶಾಲೆಯ ಮಕ್ಕಳಿಗಿರಲಿ.

— ಒಬ್ಬ ಕೃಷಿ ವಿಸ್ತರಣಾಧಿಕಾರಿ, ನಂಜನಗೂಡು