ಹೊರಟ ನೀರು ಮನೆಗೆ ಬಂದಾಗ

ಈ ವಾರ ಷಟ್ಪದಿಯ ಪ್ರಾಸನಿಯಮಗಳ ವಿಷಯವಾಗಿ ನಾಲ್ಕು ಮಾತು ಬರೆಯುವೆನೆಂದು ಕಳೆದ ಸಂಚಿಕೆಯಲ್ಲಿ ವಚನ ಕೊಟ್ಟಿದ್ದೆ. ವಾಚಕರು ಮನ್ನಿಸಬೇಕು. ಷಟ್ಪದಿಗೆ ಮೊದಲು ನಮ್ಮ ಮನೆಯ ಬಚ್ಚಲಿನ ವಿಷಯವನ್ನು ಹೇಳದೆ ನನಗೆ ಗತ್ಯಂತರವಿಲ್ಲ. ಇದೂ ಒಂದು ಬರೆಯತಕ್ಕ ವಿಷಯವೇ ಎಂದು ಮೂಗು ಮುಚ್ಚಿಕೊಳ್ಳುವವರುಂಟು. ಮೊನ್ನೆ ಮೊನ್ನೆಯವರೆಗೆ ನಾನೂ ಅವರಲ್ಲೊಬ್ಬನಾಗಿದ್ದೆ.

ನಾವಿರುವುದು ನಾಲ್ಕು ಸಂಸಾರಗಳ ಒಂದು ಬಾಡಿಗೆಯ ಕಟ್ಟಡದಲ್ಲಿ. ಕೆಳಗಿನ ಮನೆ ನಮ್ಮದು. ಆಷಾಢದ ಒಂದು ಶನಿವಾರ ಸಂಜೆ ಮಳೆ ಜಡಿಯುತ್ತಿದ್ದಿತು. ಕಿಟಕಿಯ ಬಳಿ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ನನಗೆ ಬಚ್ಚಲುಮನೆಯ ಕಡೆಯಿಂದ ಗುಳುಗುಳು ಸದ್ದು ಕೇಳಿಸಿತು. ಮನೆಯಾಕೆ ಹೋಗಿ ನೋಡಿ, ಅಲ್ಲಿಂದಲೇ ಕೂಗಿದಳು:

“ಏನೂಂದ್ರೆ, ನೀರು ಹೋಗೋ ಕಡೆಯಿಂದಲೇ ನೀರು ಬರ್ತಾ ಇದೆ, ಬನ್ನಿ ಇಲ್ಲಿ!”

ಹೋಗಿ ನೋಡಿದರೆ ಆಕೆಯ ಮಾತು ಅಕ್ಷರಶಃ ನಿಜ. ಜಾಲರಿಯ ಕಿಂಡಿಗಳಿಂದ ಕಪ್ಪು ನೀರು ಮೇಲೇಳುತ್ತಿದ್ದಿತು. ಅದು ಬರಿಯ ನೀರಾಗಿರಲಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಆಗ ನಾನು ಮಾಡಿದ ಕೆಲಸವನ್ನು ನೂರಕ್ಕೆ ತೊಂಬತ್ತು ಗೃಹಸ್ಥರು ಮಾಡುತ್ತಾರೆಂಬ ಸಮಾಧಾನದಿಂದ ಬರೆಯುತ್ತಿದ್ದೇನೆ. ಕಟ್ಟಿದ್ದು ಬಿಟ್ಟುಹೋಗಲೆಂದು ಎರಡು ಬಕೆಟ್ಟು ನೀರನ್ನು ರಭಸದಿಂದ ಕಕ್ಕಸಿನೊಳಕ್ಕೆ ಸುರಿದೆ. ಸುರಿದದ್ದು ಬಡ್ಡಿಸಹಿತವಾಗಿ ಹಿಂದಿರುಗಿತು. ಇನ್ನು ಆಸಿಡ್ಡೇ ಮದ್ದೆಂದು ಸೀಸೆಯನ್ನು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಎದುರುಮನೆಯ ಹಿರಿಯರು ಕೊಡೆ ಹಿಡಿದು ಬಾಗಿಲಿಗೆ ಬಂದಿದ್ದರು. ಲೋಕೋಪಯೋಗಿ ಇಲಾಖೆಯಲ್ಲಿ ಬಹುಕಾಲ ಓವರ್‌ಸಿಯರ್ ಆಗಿದ್ದು ನಿವೃತ್ತರಾದವರು.

“ಮೇಷ್ಟ್ರೇ, ಆ ಸೀಸೆ ಕೆಳಗಿಡಿ. ಆಮೇಲೆ ಆ ಕೊಳವೆಗೆ ಕೈ ಹಾಕೋನ ಮುಖಕ್ಕೆ ಅದು ಸಿಡಿಯುತ್ತೆ. ಮೊದಲು ಮೇಲಿನ ಮೂರು ಮನೆಯವರಿಗೂ ನಲ್ಲಿ ತಿರುಗಿಸಬೇಡೀಂತ ಹೇಳಿ ಬನ್ನಿ.”

ಆ ಮಾತಿನ ಅರ್ಥ ನನಗೆ ಆಗ ಹೊಳೆಯಲಿಲ್ಲ. ನಮ್ಮ ಬಚ್ಚಲಿಗೂ ಎರಡನೆಯ ಅಂತಸ್ತಿನವರ ಸ್ನಾನಕ್ಕೂ ಏನು ಸಂಬಂಧ? ಸಂಬಂಧವೇ ಸಕಲವೂ ಎಂದು ಆಮೇಲೆ ತಿಳಿಯಿತು. ಮುಂದಿನ ದಾರಿ ಕಟ್ಟಿದ ಮೇಲೆ ಮೇಲಿನ ಮನೆಗಳಲ್ಲಿ ಬಿಟ್ಟ ಪ್ರತಿಯೊಂದು ತಂಬಿಗೆ ನೀರೂ ಕಟ್ಟಡದಲ್ಲಿ ಅತ್ಯಂತ ತಗ್ಗಿನಲ್ಲಿರುವ ಬಾಯನ್ನು ಹುಡುಕಿಕೊಂಡು ಬರುತ್ತದೆ. ಆ ಬಾಯಿ ನಮ್ಮ ಬಚ್ಚಲಿನದು. ನಾನು ಊರಿನ ಕೊಚ್ಚೆಯೆಂದು ಶಪಿಸುತ್ತಿದ್ದುದರಲ್ಲಿ ಬಹುಭಾಗ ನಮ್ಮ ನಾಲ್ಕು ಮನೆಗಳದೇ ಆಗಿದ್ದಿತು. ಹಿರಿಯರು ತಾರಸಿಗೆ ಹುಡುಗನೊಬ್ಬನನ್ನು ಓಡಿಸಿ ನೀರಿನ ತೊಟ್ಟಿಯ ವಾಲ್ವನ್ನೇ ಮುಚ್ಚಿಸಿಬಿಟ್ಟರು. “ಹೇಳಿದರೆ ಕೇಳೋರು ಇಬ್ಬರು, ಕೇಳದೋರಿಗೆ ಈ ಉಪಾಯ” ಎಂದರು. ಬಚ್ಚಲಿನ ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರವಿದೆ; ನೀರು ಅದರ ಬುಡವನ್ನು ಮುಟ್ಟುವ ಮೊದಲೇ, ಒಣನೆಲದ ಮೇಲೆ ನಿಂತು, ಮುಖ್ಯ ಸ್ವಿಚ್ಚನ್ನು ಆರಿಸಲು ಹೇಳಿದರು. ಮಕ್ಕಳನ್ನು ಅವರ ಮನೆಗೆ ಕಳುಹಿಸಿದೆವು.

ಆಮೇಲೆ ಅಂಗಳದ ಚೇಂಬರಿನ ಮುಚ್ಚಳವನ್ನು ಹಾರೆಯಿಂದ ಮೀಟಿ ತೆಗೆದರು. ಅದು ಕಂಠದವರೆಗೆ ತುಂಬಿದ್ದಿತು. ತೆರೆದೊಡನೆ ಅಂಗಳದಲ್ಲಿ ಹರಿಯಿತು. ಆದರೆ ಒಳಗೆ ಬಚ್ಚಲಿನಲ್ಲಿ ನಾಲ್ಕು ಬೆರಳಿನಷ್ಟು ಇಳಿಯಿತು! ಅಂಗಳ ಮನೆಯ ನೆಲಕ್ಕಿಂತ ತಗ್ಗು. ಉಕ್ಕುವುದಾದರೆ ಅಲ್ಲಿ ಉಕ್ಕಲಿ ಎಂಬುದು ಯುಕ್ತಿ. ತೆರೆದ ಗುಂಡಿಯ ಬಳಿ ಒಬ್ಬರು ಕಾವಲಿರಬೇಕು, ಅಷ್ಟೆ. ಮಳೆಯಲ್ಲಿ ನೀರು ಹರಡಿದ ಮೇಲೆ ಗುಂಡಿ ಎಲ್ಲಿ, ನೆಲ ಎಲ್ಲಿ ಎಂದು ತಿಳಿಯುವುದಿಲ್ಲ.

ಕಾವಲು ನಿಂತ ಆ ಅರ್ಧ ಗಂಟೆಯಲ್ಲಿ ಹಿರಿಯರು ನನಗೆ ನನ್ನದೇ ಮನೆಯ ಭೂಗೋಳವನ್ನು ಪಾಠ ಹೇಳಿದರು. ಪ್ರತಿಯೊಂದು ಬಚ್ಚಲಿನ ಕೆಳಗೂ ಕೊಳವೆ ಹಂಸದ ಕೊರಳಿನಂತೆ ಬಾಗಿರುತ್ತದೆ. ಬಾಗಿನಲ್ಲಿ ಸದಾ ನಿಂತಿರುವ ಒಂದು ಬೊಗಸೆ ನೀರೇ ಮೋರಿಯ ಗಾಳಿ ಮನೆಗೆ ಬರದಂತೆ ತಡೆಯುವ ಬಾಗಿಲು. ಅಲ್ಲಿಂದ ನಾಲ್ಕಂಗುಲದ ಕೊಳವೆ ಚೇಂಬರಿಗೆ, ಚೇಂಬರಿನಿಂದ ಆರಂಗುಲದ ಕೊಳವೆ ಬೀದಿಯ ದೊಡ್ಡ ಸಾಲಿಗೆ. ನಾಲ್ಕಂಗುಲದ್ದಕ್ಕೆ ನಲವತ್ತು ಅಡಿಗೆ ಒಂದಡಿ ಇಳಿಜಾರು, ಆರಂಗುಲದ್ದಕ್ಕೆ ಅರವತ್ತು ಅಡಿಗೆ ಒಂದಡಿ ಎಂಬುದು ಹಳಬರ ಲೆಕ್ಕ. ಇಳಿಜಾರು ಕಡಿಮೆಯಾದರೆ ಕೊಳೆ ನಿಂತುಬಿಡುತ್ತದೆ. ಒಂದೇ ಬಚ್ಚಲು ಕಟ್ಟಿದರೆ ರೋಗ ಆ ಬಚ್ಚಲಿನದು. ಎಲ್ಲವೂ ಒಟ್ಟಿಗೆ ಗುಳುಗುಟ್ಟಿದರೆ ಸಾಲಿನದು. ಚೇಂಬರ್ ಬರಿದಾಗಿದ್ದರೆ ಅಡ್ಡಿ ಮನೆಗೂ ಚೇಂಬರಿಗೂ ನಡುವೆ, ತುಂಬಿದ್ದರೆ ಅದರಿಂದಾಚೆಗೆ. ಬೀದಿಯ ಆಳುಗುಂಡಿಯೂ ತುಂಬಿದ್ದರೆ ಮನೆಯವನು ಕೋಲು ಹಾಕಿ ಪ್ರಯೋಜನವಿಲ್ಲ. ಬೀದಿಯ ಸಾಲನ್ನು ನೋಡಿಕೊಳ್ಳುವವರಿಗೆ ತಿಳಿಸಬೇಕು. ಬೆಂಗಳೂರಿನವರಾದರೆ ಜಲಮಂಡಲಿಯ 1916, ಇತರ ಊರುಗಳಲ್ಲಿ ನಗರಸಭೆ.

ನಮ್ಮ ಬೀದಿಯ ಆಳುಗುಂಡಿಯ ಮುಚ್ಚಳದ ಸುತ್ತ ನೀರು ಒಸರುತ್ತಿದ್ದಿತು. ದೂರವಾಣಿಯಲ್ಲಿ ತಿಳಿಸಿದೆವು. ಇಂಥವೇ ದೂರುಗಳು ಬಹಳ ಬಂದಿವೆ, ಯಂತ್ರ ಬೆಳಗ್ಗೆ ಬರುತ್ತದೆ ಎಂಬ ಉತ್ತರ ದೊರೆಯಿತು.

ಬೆಳಗಿನವರೆಗೆ! ಇನ್ನೂ ಹನ್ನೊಂದು ಗಂಟೆ ಇದ್ದಿತು. ನಾಲ್ಕು ಸಂಸಾರ, ಒಬ್ಬ ಮುದುಕಿ, ಒಂದು ಹಸುಗೂಸು. ಆಗ ಮೇಲ್ಮನೆಯವರು ಯಾರಿಗೋ ಹೇಳಿಕಳುಹಿಸಿ, ಬಿದಿರ ದಬ್ಬೆಗಳನ್ನು ಹೊತ್ತ ಒಬ್ಬಾತನನ್ನು ಕರೆಸಿದರು. ನಲವತ್ತರ ಪ್ರಾಯ, ಮೊಣಕಾಲ ಮೇಲಕ್ಕೆ ಮಡಿಸಿದ ಷರಾಯಿ, ಕಾಲಲ್ಲಿ ಏನೂ ಇಲ್ಲ. ಚೇಂಬರಿನಿಂದ ದಬ್ಬೆ ಹಾಕಿ ನೋಡಿದ. ಪ್ರಯೋಜನವಾಗಲಿಲ್ಲ. ಬೀದಿಯ ಗುಂಡಿಯ ಕಡೆಗೆ ನೋಡಿ ಹೇಳಿದ:

“ಇಳಿದರೆ ಆಗುತ್ತೆ, ಸ್ವಾಮಿ. ಐದು ನಿಮಿಷದ ಕೆಲಸ. ಎರಡು ಸಾವಿರ ಕೊಡಿ.”

ಸುತ್ತ ನಿಂತವರೆಲ್ಲರ ಮುಖದಲ್ಲಿ ನೆಮ್ಮದಿ ಮೂಡಿತು. ತಲೆಗೆ ಐನೂರು; ಒಬ್ಬರು ಆಗಲೇ ಜೇಬಿಗೆ ಕೈ ಹಾಕಿದ್ದರು. ನಾನು? ನಾನು “ಆಗಲಿ” ಎನ್ನಲು ಬಾಯಿ ತೆರೆದಿದ್ದೆ. ಅದೇ ದಿನ ಬೆಳಗ್ಗೆ ಹತ್ತು ಗಂಟೆಯ ತರಗತಿಯಲ್ಲಿ, ಅಂಗಳ ಗುಡಿಸುವುದನ್ನೇ ಕಾಯಕವಾಗಿಟ್ಟುಕೊಂಡಿದ್ದ ಶರಣೆ ಸತ್ಯಕ್ಕನ ವಿಷಯವಾಗಿ ಮುಕ್ಕಾಲು ಗಂಟೆ ಮಾತನಾಡಿ ಬಂದಿದ್ದವನು ನಾನು. ಕಾಯಕದ ಘನತೆಯೆಂಬ ಮಾತನ್ನು ಎಷ್ಟು ಸಲ ಆಡಿದೆನೋ ನೆನಪಿಲ್ಲ.

“ಬೇಡ” ಎಂದವರು ಹಿರಿಯರು. ಆತನನ್ನು ಕೇಳಿದರು: “ಹಗ್ಗ ಇದೆಯೇನಪ್ಪ? ಮುಖಕ್ಕೆ ಗಾಳಿ ಕೊಡೋ ಮುಸುಕು? ಮೇಲೆ ಹಿಡಿಯೋಕೆ ಇನ್ನೊಬ್ಬ?” ಆತ ನಕ್ಕ. ಯಾರೋ ದೀಪ ಇಳಿಸಿ ನೋಡೋಣ, ಆರಿದರೆ ಗಾಳಿ ಕೆಟ್ಟಿದೆಯೆಂದು ಅರ್ಥ ಎಂದರು. “ಆರದೆ ಹೊತ್ತಿಕೊಂಡರೆ?” ಎಂದು ಹಿರಿಯರು ಸಿಡುಕಿದರು. ಗುಂಡಿಯಲ್ಲಿ ಮೀಥೇನ್ ಇರಬಹುದು. ಕಿಡಿ ಸಾಕು, ಸಿಡಿಯುತ್ತದೆ. ಅದಕ್ಕಿಂತ ಮೋಸಗಾರ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆಯದು, ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಅದರ ಪ್ರಮಾಣ ಹೆಚ್ಚಿದಂತೆ ಮೂಗು ಆ ವಾಸನೆಯನ್ನು ಅರಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ವಾಸನೆ ಹೋಯಿತೆಂದು ಇಳಿದವನು ಧೈರ್ಯ ತಾಳುವ ಹೊತ್ತಿಗೆ ಕಾಲ ಮೀರಿರುತ್ತದೆ. ಎರಡು ಮೂರು ಉಸಿರಿನಲ್ಲಿ ಪ್ರಜ್ಞೆ ತಪ್ಪಬಹುದು. ಅವನನ್ನು ಎತ್ತಲು ಇಳಿದ ಎರಡನೆಯವನಿಗೂ, ಅವನ ಹಿಂದೆ ಇಳಿದ ಮೂರನೆಯವನಿಗೂ ಅದೇ ಗತಿ. ಪತ್ರಿಕೆಗಳಲ್ಲಿ ಇಂಥ ಸುದ್ದಿ ಬಂದಾಗ ಸತ್ತವರು ಒಬ್ಬರಲ್ಲ, ಇಬ್ಬರು ಮೂವರು ಎಂದಿರುವುದನ್ನು ವಾಚಕರು ಗಮನಿಸಿರಬಹುದು.

ಕನ್ನಡದ ಮೇಷ್ಟರಿಗೆ ಪದಗಳ ಚಪಲ ಎಲ್ಲಿಯೂ ಬಿಡುವುದಿಲ್ಲ. ‘ಆಳುಗುಂಡಿ’ ಎಂಬ ಪದವನ್ನು ನೋಡಿ. ಇಂಗ್ಲಿಷಿನ ಪದವನ್ನು ಕನ್ನಡಿಸಿದವರು ಅದರೊಳಗಿನ ಮನುಷ್ಯನನ್ನೂ ಹಾಗೆಯೇ ಇಳಿಸಿಕೊಂಡಿದ್ದಾರೆ. ನಮ್ಮಲ್ಲಿ ‘ಆಳು’ ಎಂದರೆ ಮನುಷ್ಯನೂ ಹೌದು, ಕೂಲಿಯವನೂ ಹೌದು. ಆದ್ದರಿಂದ ಕನ್ನಡದ ಪದ ಮೂಲಕ್ಕಿಂತ ಹೆಚ್ಚು ಸತ್ಯವನ್ನು ನುಡಿಯುತ್ತದೆ. 2023ರ ಕೇಂದ್ರ ಮುಂಗಡಪತ್ರದ ಭಾಷಣದಲ್ಲಿ ಇದು ಯಂತ್ರದ ಗುಂಡಿಯಾಗಬೇಕೆಂದು ಹೇಳಲಾಯಿತು. ಹೆಸರು ಬದಲಾದೀತು; ಸಂಜೆ ಏಳು ಗಂಟೆಗೆ ಮಳೆಯಲ್ಲಿ ನಿಂತ ನಾಲ್ಕು ಸಂಸಾರಗಳ ಅವಸರ ಬದಲಾಗಬೇಡವೇ?

ಅವಸರದ ಮಾತು ಬಂದಿತು. ಮನೆಗೆ ಬಂದು ಕಾನೂನನ್ನು ತೆಗೆದು ಓದಿದೆ. 2013ರ ಕಾಯಿದೆಯ ಪ್ರಕಾರ, ರಕ್ಷಣೆಯ ಸಾಮಗ್ರಿಗಳಿಲ್ಲದೆ ಒಬ್ಬನನ್ನು ಒಳಚರಂಡಿಗಾಗಲಿ ಮಲದ ಗುಂಡಿಗಾಗಲಿ ಇಳಿಸಿ ಶುಚಿ ಮಾಡಿಸುವುದು ಅಪರಾಧ. ಮೊದಲನೆಯ ಸಲಕ್ಕೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಇದು ನಗರಸಭೆಗೆ ಹೇಳಿದ ಮಾತು, ಗೃಹಸ್ಥನಿಗಲ್ಲ ಎಂದು ತಿಳಿದಿದ್ದೆ. ‘ಯಾವ ವ್ಯಕ್ತಿಯೂ’ ಎಂದೇ ಅದರಲ್ಲಿದೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ, ತುರ್ತು ಸಂದರ್ಭದಲ್ಲಿ ಕೂಡ ಸಾಧನಗಳಿಲ್ಲದೆ ಇಳಿಸುವುದು ಅಪರಾಧವೆನಿಸಬೇಕೆಂದಿತು. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಪರಿಹಾರವೆಂದಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ತುರ್ತು ಎಂಬ ನನ್ನ ನೆಪ ನ್ಯಾಯಾಧೀಶರಿಗೆ ಮೊದಲೇ ಗೊತ್ತಿದ್ದಿತು!

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಬೀದಿಗಳಲ್ಲಿ ಮನೆಗಳ ಬೆನ್ನ ಹಿಂದೆ ಒಂದು ಕಿರುಗಲ್ಲಿ ಇರುವುದನ್ನು ಅನೇಕರು ನೋಡಿದ್ದಾರೆ. ಮಲ ಒಯ್ಯುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದು ಹೋಗಲೆಂದು ಮಾಡಿದ ದಾರಿ ಅದು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಆದರೂ 2010ರಲ್ಲಿ ಸವಣೂರಿನ ಪೌರಕಾರ್ಮಿಕ ಕುಟುಂಬಗಳವರು ಬೀದಿಯಲ್ಲಿ ನಿಂತು ಮೈಮೇಲೆ ಮಲ ಸುರಿದುಕೊಂಡು ತಮ್ಮ ಅಳಲನ್ನು ಲೋಕಕ್ಕೆ ತೋರಿಸಬೇಕಾಯಿತು. ಗಲ್ಲಿ ಭೂಮಿಯ ಕೆಳಕ್ಕೆ ಇಳಿಯಿತೆಂದ ಮಾತ್ರಕ್ಕೆ ಅದರಲ್ಲಿ ನಡೆಯುವವರು ಬೇರೆಯವರಾಗಲಿಲ್ಲ.

ಆತ ಇಳಿಯಲಿಲ್ಲ. ಇಳಿಸದೆ ಕಳುಹಿಸಿದ್ದು ಆತನಿಗೆ ಸಂತೋಷವನ್ನೇನೂ ಉಂಟುಮಾಡಲಿಲ್ಲ. ಎರಡು ಸಾವಿರ ಹೋಯಿತೆಂಬ ಚಿಂತೆ ಮುಖದಲ್ಲಿ ಸ್ಪಷ್ಟವಾಗಿದ್ದಿತು. ದಬ್ಬೆ ಹಾಕಿದ್ದಕ್ಕೆಂದು ಐನೂರು ಕೊಟ್ಟೆವು. “ನಿಮ್ಮ ಮನೆಯಲ್ಲಿ ಎಷ್ಟು ಜನ?” ಎಂದು ಕೇಳಿದೆ. ‘ನೀವು’ ಎಂಬುದು ಕೇಳಿ ಆತ ಹಿಂದಕ್ಕೆ ತಿರುಗಿ ನೋಡಿದ, ಬೇರೆ ಯಾರನ್ನೋ ಮಾತನಾಡಿಸುತ್ತಿರಬಹುದೆಂದು.

ಆ ರಾತ್ರಿಯ ಕಷ್ಟವನ್ನು ವಿಸ್ತರಿಸುವುದಿಲ್ಲ. ಹೆಂಗಸರು ಮಕ್ಕಳು ಎದುರುಮನೆಯನ್ನು ಆಶ್ರಯಿಸಿದರು. ಪಾತ್ರೆಗಳು ತೊಳೆಯದೆ ಉಳಿದವು. ಒಂದು ರಾತ್ರಿ ನೀರು ಬಿಡದೆ ಬದುಕಿದ್ದಕ್ಕೆ ಯಾರೂ ಸಾಯಲಿಲ್ಲ. ಬೆಳಗ್ಗೆ ಏಳೂವರೆಗೆ ಜೆಟ್ಟಿಂಗ್ ಯಂತ್ರ ಬಂದು, ರಭಸದ ನೀರನ್ನು ಕೊಳವೆಯೊಳಕ್ಕೆ ನುಗ್ಗಿಸಿ, ಇಪ್ಪತ್ತು ನಿಮಿಷದಲ್ಲಿ ಸಾಲನ್ನು ಬಿಡಿಸಿತು. ಹೊರಬಂದ ವಸ್ತುಗಳ ಪಟ್ಟಿ ಯಾರಿಗೂ ಗೌರವ ತರುವಂಥದಲ್ಲ: ಹಾಲಿನ ಪ್ಲಾಸ್ಟಿಕ್ ಲಕೋಟೆಗಳು, ನೆಲ ಒರೆಸುವ ಬಟ್ಟೆ, ಮಗುವಿನ ಡಯಾಪರ್, ಕೂದಲಿನ ಉಂಡೆ, ಕರಿದ ಎಣ್ಣೆ ಗಟ್ಟಿಯಾಗಿ ಸುಣ್ಣದಂತೆ ಕಟ್ಟಿದ ಹೆಂಟೆಗಳು.

ಮನೆ ತೊಳೆಯುವಾಗ ಹಿರಿಯರು ಮತ್ತೊಮ್ಮೆ ನನ್ನ ಕೈಯಿಂದ ಆಸಿಡ್ ಸೀಸೆಯನ್ನು ಕಿತ್ತುಕೊಂಡರು. ಬ್ಲೀಚಿಂಗ್ ಪುಡಿಗೆ ಆಸಿಡ್ ಬೆರೆತರೆ ಕ್ಲೋರಿನ್ ಅನಿಲ ಹೊರಟು ಎದೆ ಹಿಡಿಯುತ್ತದೆ. ಮೊದಲು ಸೋಪಿನಿಂದ ಉಜ್ಜಿ ಕೊಳೆ ತೆಗೆಯಬೇಕು, ಆಮೇಲೆ ಬ್ಲೀಚಿಂಗ್. ಕೊಳೆಯ ಮೇಲೆಯೇ ಚೆಲ್ಲಿದ ಪುಡಿ ವ್ಯರ್ಥ. ಕೈಗೆ ಕೈಚೀಲ, ಕಾಲಿಗೆ ಬೂಟು, ಕಿಟಕಿಗಳೆಲ್ಲ ತೆರೆದಿರಬೇಕು. ನೆನೆದ ಚಾಪೆ ಹಾಸಿಗೆಗಳನ್ನು ಬಿಸಾಡಿದೆವು. ನಾವು ಮರೆತೇಬಿಟ್ಟಿದ್ದುದು ಅಂಗಳದ ಸಂಪು. ಚೇಂಬರಿನ ನೀರು ಅದರ ಮುಚ್ಚಳದ ಅಂಚನ್ನು ಮುಟ್ಟಿದ್ದಿತು. ಟೈಫಾಯಿಡ್, ಕಾಮಾಲೆ, ವಾಂತಿಭೇದಿಗಳಿಗೆ ಇದಕ್ಕಿಂತ ಸುಗಮವಾದ ದಾರಿ ಬೇರೆ ಬೇಕಿಲ್ಲ. ಇದ್ದ ನೀರನ್ನೆಲ್ಲ ಚೆಲ್ಲಿ, ತೊಟ್ಟಿಯನ್ನು ತೊಳೆಸಿ, ಹದಿನೈದು ದಿನ ಕಾಯಿಸಿದ ನೀರನ್ನೇ ಕುಡಿದೆವು.

ಇಷ್ಟೆಲ್ಲ ಆದ ಮೇಲೆ ಒಂದು ಪ್ರಶ್ನೆ ಉಳಿಯಿತು: ಮಳೆ ಬಂದಾಗಲೇ ಏಕೆ? ಮಳೆಯ ನೀರಿಗೆ ಬೀದಿಯ ಬದಿಯ ತೆರೆದ ಚರಂಡಿ, ಮನೆಯ ಕೊಳೆಗೆ ಒಳಚರಂಡಿ ಎಂದು ಎರಡು ದಾರಿಗಳು ಬೇರೆ ಬೇರೆಯಾಗಿರತಕ್ಕವು. ಒಳಚರಂಡಿಯ ಕೊಳವೆ ಮಳೆಯ ಹೊರೆಗೆ ಅಳೆದು ಹಾಕಿದ್ದಲ್ಲ. ಹಿರಿಯರು ಮಾತಿಲ್ಲದೆ ಗೋಡೆಯನ್ನು ತೋರಿಸಿದರು. ನಮ್ಮ ತಾರಸಿಯಿಂದ ಇಳಿದ ಮಳೆಯ ಕೊಳವೆ ನೇರವಾಗಿ ಚೇಂಬರಿನೊಳಕ್ಕೆ ಹೋಗಿದ್ದಿತು. ಮೂರು ವರ್ಷದಿಂದ ಅದರ ಪಕ್ಕದಲ್ಲಿಯೇ ನಾನು ಸೈಕಲ್ಲು ನಿಲ್ಲಿಸುತ್ತಿದ್ದೇನೆ. ಬೀದಿಯ ಉದ್ದಕ್ಕೂ ನಡೆದು ನೋಡಿದೆವು. ಹದಿನಾಲ್ಕು ಮನೆಗಳಲ್ಲಿ ಒಂಬತ್ತರದು ಹಾಗೆಯೇ.

ಮನೆಯ ಯಜಮಾನರಿಗೆ ಹೇಳಿದೆವು. ಕೊಳವೆಯನ್ನು ಕತ್ತರಿಸಿ ಚರಂಡಿಗೆ ತಿರುಗಿಸಲು, ನೀರು ಹಿಂದಿರುಗದಂತೆ ಚೇಂಬರಿನಾಚೆ ಒಂದು ಒಮ್ಮುಖದ ವಾಲ್ವು ಕೂರಿಸಲು ಖರ್ಚೆಷ್ಟೆಂದು ಕೇಳಿ, ಅದರಲ್ಲಿ ಅರ್ಧ ಬಾಡಿಗೆದಾರರು ಕೊಡಬೇಕೆಂದರು. ಮೇಲಿನ ಮನೆಯವರು, ತಮ್ಮ ಬಚ್ಚಲಿಗೇನೂ ಬಂದಿಲ್ಲವಾದ್ದರಿಂದ ಕೆಳಗಿನ ಮನೆಯವರೇ ಹೆಚ್ಚು ಕೊಡುವುದು ನ್ಯಾಯವೆಂದು ವಾದಿಸುತ್ತಿದ್ದಾರೆ. ಗಾರೆಯವನು ಸೋಮವಾರ ಬರುತ್ತಾನೆ. ಷಟ್ಪದಿ ಮುಂದಿನ ವಾರ.